ಸಾಂದ್ರತೆ 7.87 ಅಂತ ಬರೆದರೆ ಯಾಕೆ ತಪ್ಪು?

ಪ್ರಶ್ನೆ:
ಕಬ್ಬಿಣದ ತುಂಡಿನ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ. ತೂಕ 45.62 ಗ್ರಾಂ. ಅಳತೆ ಜಾಡಿಯಲ್ಲಿ ನೀರು ಮೊದಲು 20.0 ಮಿ.ಲೀ. ಇತ್ತು, ತುಂಡು ಮುಳುಗಿಸಿದ ಮೇಲೆ 25.8. ಕ್ಯಾಲ್ಕುಲೇಟರ್ 7.865517241 ತೋರಿಸಿತು. ಅಷ್ಟೂ ಬರೆಯಬಾರದು ಅಂತ ಗೊತ್ತು, ಜಾಡಿಯ ಎರಡೂ ಅಳತೆಯಲ್ಲಿ ಮೂರು ಸಾರ್ಥಕ ಅಂಕಿ (ಅಳತೆಯಿಂದ ನಿಜಕ್ಕೂ ಸಿಕ್ಕ ಅಂಕಿ) ಇದೆಯಲ್ಲ ಅಂತ 7.87 ಬರೆದೆ. ಪುಸ್ತಕದಲ್ಲೂ ಕಬ್ಬಿಣಕ್ಕೆ 7.87 ಅಂತಲೇ ಇದೆ! ಆದರೂ ಮೇಡಂ ಹೊಡೆದುಹಾಕಿ 7.9 ಮಾಡಿದ್ದಾರೆ.

ಉತ್ತರ:
ನೀವು ತೂಕವನ್ನು ಭಾಗಿಸಿದ್ದು 25.8ರಿಂದ ಅಲ್ಲ ಅಲ್ವಾ? ಕಳೆದು ಉಳಿದ 5.8ರಿಂದ, ಅಂದರೆ ತುಂಡಿನ ಗಾತ್ರದಿಂದ. ಅದರಲ್ಲಿರುವುದು ಎರಡೇ ಅಂಕಿ. ಕೂಡುವಾಗ, ಕಳೆಯುವಾಗ ಒಟ್ಟು ಅಂಕಿ ಎಣಿಸುವುದಿಲ್ಲ, ಚುಕ್ಕಿಯ ನಂತರ ಎಷ್ಟು ಸ್ಥಾನ ಇದೆ ಅಂತ ನೋಡುತ್ತೇವೆ. ಒಟ್ಟು ಅಂಕಿ ಎಣಿಸುವುದು ಗುಣಾಕಾರ, ಭಾಗಾಕಾರಕ್ಕೆ. ಅಲ್ಲಿ ಯಾವುದರಲ್ಲಿ ಕಡಿಮೆ ಅಂಕಿ ಇದೆಯೋ ಉತ್ತರದಲ್ಲೂ ಅಷ್ಟೇ.

ಪ್ರಶ್ನೆ ಕೇಳಿದವರು:
ಹಾಗಾದರೆ 5.80 ಅಂತ ಬರೆದುಕೊಂಡರೆ?

ಉತ್ತರ:
ಬೇಡ. ನಿಮ್ಮ ಜಾಡಿಯಲ್ಲಿ ಒಂದೊಂದು ಮಿ.ಲೀ.ಗೆ ಒಂದು ಗೆರೆ ಇರಬೇಕು. 25 ಮತ್ತು 26ರ ಗೆರೆಗಳ ನಡುವೆ, ನೀರು ಬಾಗಿದ ತಳ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ನೋಡಿ ಆ 8 ಬರೆದಿದ್ದೀರಿ. ಆ 8ರ ಮೇಲೇ ಪೂರ್ತಿ ಭರವಸೆ ಇಲ್ಲ, ಇನ್ನು ಅದರ ಮುಂದೆ ಸುಮ್ನೆ ಸೊನ್ನೆ ಹಾಕಿದರೆ ನೋಡದೇ ಇರುವುದನ್ನು ನೋಡಿದೆ ಅಂದಹಾಗೆ ಆಗುತ್ತದೆ. ಒಂದು ಸಲ ಲೆಕ್ಕ ಮಾಡಿ ನೋಡಿ: ಗಾತ್ರ 5.7 ಆಗಿದ್ದರೆ ಸಾಂದ್ರತೆ 8.00, 5.9 ಆಗಿದ್ದರೆ 7.73. ಇಷ್ಟು ಓಲಾಡುವ ಕಡೆ 7.87ರ ಕೊನೆಯ 7ಕ್ಕೆ ಏನು ಬೆಲೆ? ಪುಸ್ತಕಕ್ಕೆ ಸರಿಹೊಂದಿದ್ದು ಬರೀ ಕಾಕತಾಳೀಯ.

ಮೂರು ಅಂಕಿ ಬೇಕೇ ಬೇಕು ಅಂದರೆ ಕಬ್ಬಿಣ ಜಾಸ್ತಿ ಹಾಕಿ. ಅಂಥದ್ದೇ ಮೂರು ತುಂಡು ಒಟ್ಟಿಗೆ ತೂಗಿ, ಒಟ್ಟಿಗೆ ಮುಳುಗಿಸಿ. ಗಾತ್ರ 10 ಮಿ.ಲೀ. ದಾಟಿದರೆ ಅದೇ ಜಾಡಿಯಲ್ಲೇ ಮೂರು ಅಂಕಿ ಸಿಗುತ್ತದೆ. ತುಂಡಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಜಾಡಿಯನ್ನು ಮೆಲ್ಲಗೆ ತಟ್ಟಿ.

ಪ್ರಶ್ನೆ ಕೇಳಿದವರು:
ಮಾಡಿದೆ. 136.87 ಗ್ರಾಂ, ನೀರು 20.0ರಿಂದ 37.3ಕ್ಕೆ ಏರಿತು. ಉತ್ತರ 7.91. ಈಗ ಪುಸ್ತಕದ್ದು ಬರುತ್ತಿಲ್ಲ!

ಉತ್ತರ:
7.91 ಅಂತಲೇ ಬರೆಯಿರಿ, ದಯವಿಟ್ಟು ತಿದ್ದಬೇಡಿ. ನೀರು 37.4 ಅಂತ ಕಂಡಿದ್ದರೆ 7.87 ಬರುತ್ತಿತ್ತು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಗೆರೆಯ ಹತ್ತನೇ ಒಂದು ಭಾಗ.