1934ರ ಫೋರ್ಡ್ ಕೂಪೆ: ಛಾವಣಿ ತಗ್ಗಿಸಿದ ಮೇಲೆ ಎ-ಪಿಲ್ಲರ್ ಕೂಡುತ್ತಿಲ್ಲ

ಹಳೆಗಾಡಿ_ಒಹಾಯೊ:
ಎಲ್ಲರಿಗೂ ನಮಸ್ಕಾರ. ಮನೆಯ ಗ್ಯಾರೇಜಿನಲ್ಲಿ 1934ರ ಫೋರ್ಡ್ ಐದು ಕಿಟಕಿಯ ಕೂಪೆಯ (ಎರಡು ಬಾಗಿಲಿನ ಕಾರು) ಛಾವಣಿಯನ್ನು 3 ಇಂಚು ತಗ್ಗಿಸುತ್ತಿದ್ದೇನೆ. ಎಲ್ಲ ಪಿಲ್ಲರ್‌ಗಳಿಂದಲೂ ಒಂದೇ ಅಳತೆಯ ತುಂಡು ತೆಗೆದು ಛಾವಣಿಯನ್ನು ಇಳಿಸಿ ಕೂರಿಸಿದ್ದಾಯಿತು. ಹಿಂಭಾಗವನ್ನು ಕೂಡಿಸಿದರೆ ಮುಂದೆ ಎ-ಪಿಲ್ಲರಿನ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲಿನ ತುಂಡು ಕೆಳಗಿನ ಮೋಟಿಗಿಂತ ಸುಮಾರು 30 ಮಿ.ಮೀ. ಹಿಂದೆ ನಿಲ್ಲುತ್ತದೆ. ಮುಂದೆ ಕೂಡಿಸಿದರೆ ಅಷ್ಟೇ ಅಂತರ ಹಿಂದೆ ಬಾಯಿ ಬಿಡುತ್ತದೆ. ಬಾಗಿಲುಗಳ ಮೇಲಿನ ಚೌಕಟ್ಟನ್ನು ಕತ್ತರಿಸಿ ಎತ್ತಿಟ್ಟಿದ್ದೇನೆ, ಕೆಳಗಿನ ಅರ್ಧ ಮಾತ್ರ ಕೀಲಿನಲ್ಲಿದೆ. ಚಾಲಕನ ಕಡೆಯ ಬಾಗಿಲು ಈಗ ಜೋತುಬಿದ್ದು ಚಿಲಕವೂ ಕೂಡುತ್ತಿಲ್ಲ. ರ‍್ಯಾಚೆಟ್ ಪಟ್ಟಿ (ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ) ಹಾಕಿ ಎಳೆದು ವೆಲ್ಡ್ ಮಾಡಿಬಿಡಿ ಎನ್ನುವುದು ಪಕ್ಕದ ಮನೆಯವರ ಸಲಹೆ. ಮಾಡಬಹುದೇ?

ತಗಡು_ಸುತ್ತಿಗೆ:
ಬೇಡ. ಮೊದಲು ಆ ಪಟ್ಟಿಯನ್ನು ಕಣ್ಣಿಗೆ ಕಾಣದ ಕಡೆ ಎತ್ತಿಡಿ. ಎಳೆದು ಬೆಸೆದರೆ ಬಿಗಿತ ತಗಡಿನೊಳಗೇ ಉಳಿಯುತ್ತದೆ. ಪಟ್ಟಿ ಬಿಚ್ಚಿದ ಕೂಡಲೇ ಬಾಗಿಲ ಸಂದು ಬದಲಾಗುತ್ತದೆ, ಗಾಡಿ ನಾಲ್ಕು ಗುಂಡಿ ಹಾರಿದ ಮೇಲೆ ಬೆಸುಗೆಯ ಪಕ್ಕದಲ್ಲೇ ಬಣ್ಣ ಬಿರಿಯುತ್ತದೆ.

ನಿಮ್ಮ ಅಳತೆಯಲ್ಲಿ ದೋಷವಿಲ್ಲ, ಗಾಡಿಯ ಆಕಾರವೇ ಹಾಗಿದೆ. ಬೋರಲು ಹಾಕಿದ ಬಕೆಟ್ಟಿನ ನಡುವಿನಿಂದ ಒಂದು ಬಳೆ ಕತ್ತರಿಸಿ ತೆಗೆದರೆ, ಮೇಲಿನ ತುಂಡಿನ ಬಾಯಿ ಕೆಳಗಿನದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ. 1928–31ರ ಫೋರ್ಡ್ ಮಾಡೆಲ್ ಎ ಆಗಿದ್ದರೆ ಪಿಲ್ಲರ್‌ಗಳು ಬಹುಪಾಲು ನೆಟ್ಟಗಿರುತ್ತಿದ್ದವು, ಛಾವಣಿ ಸುಮಾರಾಗಿ ಹಾಗೆಯೇ ಕೂತುಬಿಡುತ್ತಿತ್ತು. 1933–34ರ ಮಾದರಿಗಳಲ್ಲಿ ಗ್ರಿಲ್ಲೂ ಮುಂದಿನ ಗಾಜೂ ಹಿಂದಕ್ಕೆ ವಾಲಿವೆ. 1949–51ರ ಮರ್ಕ್ಯುರಿ ಕಾರನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಸದ್ಯಕ್ಕೆ ಅದಕ್ಕೆ ಕೈ ಹಾಕಬೇಡಿ, ಅದರಲ್ಲಿ ಎಲ್ಲವೂ ಬಾಗಿಕೊಂಡಿದೆ.

ಕತ್ತರಿಸಿದ ಜಾಗದಲ್ಲಿ ಎ-ಪಿಲ್ಲರ್ ಎಷ್ಟು ಡಿಗ್ರಿ ವಾಲಿದೆ, ಹಿಂಬದಿ ಎಷ್ಟು ಎಂದು ನೋಡಿ ತಿಳಿಸಿ. ಪೆಟ್ರೋಲ್ ಟ್ಯಾಂಕ್ ಇಳಿಸಿದ್ದೀರಷ್ಟೇ?

ಹಳೆಗಾಡಿ_ಒಹಾಯೊ:
ಟ್ಯಾಂಕ್ ಇಳಿಸಿ ಗ್ಯಾರೇಜಿನಿಂದ ಹೊರಗಿಟ್ಟಿದ್ದೇನೆ. ಎ-ಪಿಲ್ಲರ್ ನನ್ನ ಗಾಡಿಯಲ್ಲಿ ಸುಮಾರು 17 ಡಿಗ್ರಿ ಹಿಂದಕ್ಕೆ, ಹಿಂಬದಿ ಸುಮಾರು 5 ಡಿಗ್ರಿ ಮುಂದಕ್ಕೆ.

ತಗಡು_ಸುತ್ತಿಗೆ:
ಹಾಗಾದರೆ ಲೆಕ್ಕ ಸಿಕ್ಕಿತು. 3 ಇಂಚು ಎಂದರೆ 76 ಮಿ.ಮೀ. ಅದನ್ನು 17 ಡಿಗ್ರಿಯ ಟ್ಯಾನ್‌ನಿಂದ ಗುಣಿಸಿದರೆ 23, 5 ಡಿಗ್ರಿಯದರಿಂದ ಗುಣಿಸಿದರೆ ಸುಮಾರು 7. ಒಟ್ಟು 30. ನಿಮ್ಮ ಛಾವಣಿ ಅಷ್ಟು ಗಿಡ್ಡವಾಗಿದೆ.

ದಾರಿ ಎರಡು. ಎ-ಪಿಲ್ಲರಿನ ಬುಡದಲ್ಲಿ ಸೀಳಿ ಇನ್ನಷ್ಟು ಹಿಂದಕ್ಕೆ ವಾಲಿಸುವುದು ಒಂದು. ಅಂತರ ಎಂಟು ಹತ್ತು ಮಿ.ಮೀ. ಇದ್ದರೆ ಅದು ಸಾಕು. 30ಕ್ಕೆ ಒಗ್ಗುವುದಿಲ್ಲ, ಗಾಜಿನ ಚೌಕಟ್ಟು, ಬಾಗಿಲಿನ ಮುಂದಿನ ಅಂಚು ಎಲ್ಲವನ್ನೂ ಅದರ ಹಿಂದೆ ತಿದ್ದುತ್ತಾ ಹೋಗಬೇಕಾಗುತ್ತದೆ. ಛಾವಣಿಯನ್ನೇ ಉದ್ದ ಮಾಡುವುದು ಇನ್ನೊಂದು, ನನ್ನ ಮತ ಇದಕ್ಕೆ. ಈ ಗಾಡಿಯ ಛಾವಣಿಯ ನಡುಭಾಗ ತಗಡಲ್ಲ, ಬಟ್ಟೆಯ ಹೊದಿಕೆ. ಫೋರ್ಡ್ ಪೂರ್ತಿ ಉಕ್ಕಿನ ಛಾವಣಿಗೆ ಬಂದದ್ದು 1937ರ ಮಾದರಿಗಳಲ್ಲಿ. ಆದ್ದರಿಂದ ನೀವು ಅಡ್ಡಕ್ಕೆ ಕತ್ತರಿಸಬೇಕಾದದ್ದು ಬಾಗಿಲುಗಳ ಮೇಲಿನ ಎರಡು ಪಕ್ಕದ ಪಟ್ಟಿಗಳನ್ನು ಮಾತ್ರ. ಹಿಂಬದಿಯ 7 ಮಿ.ಮೀ. ಅನ್ನು ಹಿಂದಿನ ಕಂಬಗಳ ಬುಡದಲ್ಲಿ ಸಣ್ಣ ಸೀಳು ಹಾಕಿ ಮುಂದಕ್ಕೆ ವಾಲಿಸಿ ಸರಿದೂಗಿಸಿ, ಉಳಿದ 23ಕ್ಕೆ ಅದೇ ದಪ್ಪದ ತಗಡನ್ನು ಅದೇ ಬಾಗಿಗೆ ಬಡಿದು ಪಕ್ಕದ ಪಟ್ಟಿಗಳಲ್ಲಿ ಸೇರಿಸಿ. ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಯೂ ಅಷ್ಟೇ ಉದ್ದವಾಗಬೇಕು, ಆದರೆ ಅದು ಕೊನೆಯ ಕೆಲಸ. ಛಾವಣಿ ನಿಂತ ಮೇಲೆ ಬಾಗಿಲನ್ನು ಹಾಕಿ, ಇರುವ ಬಾಯಿಗೆ ಚೌಕಟ್ಟನ್ನು ಹೊಂದಿಸಬೇಕು.

ತಗಡುಗಳನ್ನು ಒಂದರ ಮೇಲೊಂದು ಹೇರಬೇಡಿ, ಅಂಚಿಗೆ ಅಂಚು ಕೂಡಿಸಿ. ಹೇರಿದ ಕಡೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಪಿಲ್ಲರಿನ ಹೊರತಗಡಿನ ಬೆಸುಗೆಯೂ ಒಳತಗಡಿನದೂ ಒಂದೇ ಎತ್ತರದಲ್ಲಿ ಬರದಿರಲಿ, ಒಂದಿಂಚಾದರೂ ಹೆಚ್ಚುಕಡಿಮೆ ಇರಲಿ. 0.6 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರ ಸಾಕು. ಇಂಚಿಗೊಂದು ಬೆಸುಗೆಯ ಚುಕ್ಕೆ ಹಾಕಿ, ಒಂದು ಚುಕ್ಕೆ ಈ ಪಕ್ಕ, ಮುಂದಿನದು ಆ ಪಕ್ಕ. ಪ್ರತಿ ಚುಕ್ಕೆಯನ್ನೂ ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೆಸುಗೆ ಆರುವಾಗ ಕುಗ್ಗಿ ತಗಡನ್ನು ಸೆಳೆಯುತ್ತದೆ, ತಟ್ಟಿದರೆ ಅದು ಮತ್ತೆ ಹಿಗ್ಗುತ್ತದೆ. ಸರಸರನೆ ಗೆರೆ ಎಳೆದು ಮುಗಿಸಿದವರ ಛಾವಣಿಯಲ್ಲಿ ಬಿಸಿಲು ಬಿದ್ದರೆ ಅಲೆಗಳು ಕಾಣುತ್ತವೆ.

ಕೀಲು_ಚಿಲಕ:
ಜೋತುಬಿದ್ದ ಬಾಗಿಲಿಗೆ ಯಾರೂ ಉತ್ತರ ಕೊಡಲಿಲ್ಲ. ಈ ಗಾಡಿಯ ಬಾಗಿಲಿಗೆ ಕೀಲು ಹಿಂದೆ ಇದೆ, ಅಂದರೆ ಬಾಗಿಲಿನ ಭಾರವೆಲ್ಲ ಅದರ ಹಿಂದಿನ ಕಂಬವಾದ ಬಿ-ಪಿಲ್ಲರಿನ ಮೇಲೆ. ಅದರ ತಲೆ ಕತ್ತರಿಸಿದ ಮೇಲೆ ಹಿಡಿದುಕೊಳ್ಳುವವರು ಯಾರು? ಅದು ಮುಂದಕ್ಕೆ ಬಾಗಿದೆ, ಬಾಗಿಲಿನ ಮುಂದಿನ ತುದಿ ಇಳಿದಿದೆ. ಬಾಡಿಯನ್ನು ಚಾಸಿಗೆ ಬೋಲ್ಟ್ ಹಾಕಿ ಬಿಗಿದು, ಒಳಗೆ ಚೌಕದ ಪೈಪುಗಳನ್ನು ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಕೊಡಿ. ಬಿ-ಪಿಲ್ಲರಿನಿಂದ ಹಿಂದಿನ ನೆಲಕ್ಕೆ ಟರ್ನ್‌ಬಕಲ್ (ತಿರುಗಿಸಿದರೆ ಬಿಗಿಯಾಗುವ ತಿರುಪಿನ ಕೊಂಡಿ) ಹಾಕಿ, ಬಾಗಿಲ ಸಂದು ಸುತ್ತಲೂ ಒಂದೇ ಸಮ ಬರುವವರೆಗೆ ತಿರುಗಿಸಿ. ಆಮೇಲಷ್ಟೇ ಛಾವಣಿಗೆ ಚುಕ್ಕೆ. ಬಾಗಿಲು ಬಿಚ್ಚಿಟ್ಟು ಛಾವಣಿ ಬೆಸೆಯುವವರ ಧೈರ್ಯ ನನಗಿಲ್ಲ.

ಇದನ್ನು ಓದುತ್ತಿರುವ ಮಾಡೆಲ್ ಎ ಮಾಲೀಕರಿಗೂ ಒಂದು ಮಾತು. ನಿಮ್ಮ ಪೆಟ್ರೋಲ್ ಟ್ಯಾಂಕ್ ಹಿಂದೆ ಇಲ್ಲ, ಮುಂದಿನ ಗಾಜಿನ ಬುಡದಲ್ಲಿ ಕೌಲ್‌ನ (ಗಾಜಿಗೂ ಬಾನೆಟ್ಟಿಗೂ ನಡುವಿನ ಮೈ) ಭಾಗವಾಗಿಯೇ ಇದೆ. ಎ-ಪಿಲ್ಲರಿಗೆ ಗ್ರೈಂಡರ್ ಹಿಡಿದರೆ ಕಿಡಿ ಬೀಳುವುದು ಅದರ ಮೇಲೆಯೇ. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಛಾವಣಿಯ ಮರದ ಪಟ್ಟಿಗಳನ್ನೂ ಕೀಳಿ, ಒಣಮರ ಒಳಗೊಳಗೇ ಹೊಗೆಯಾಡಿ ನೀವು ಊಟಕ್ಕೆ ಹೋದಾಗ ಹೊತ್ತಿಕೊಳ್ಳುತ್ತದೆ.

ಮೈಸೂರು_ಗ್ಯಾರೇಜ್:
ನಮ್ಮ ತಾತನ ಅಂಬಾಸಿಡರ್ ಶೆಡ್ಡಿನಲ್ಲಿದೆ. ಅದಕ್ಕೂ ಹೀಗೆ ಮಾಡಬಹುದೇ? ಅಷ್ಟಕ್ಕೂ ಛಾವಣಿ ತಗ್ಗಿಸುವುದರಿಂದ ಏನು ಲಾಭ?

ತಗಡು_ಸುತ್ತಿಗೆ:
ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಸರೋವರಗಳ ನೆಲದಲ್ಲಿ ಓಡಿಸುತ್ತಿದ್ದವರಿಗೆ ಲಾಭ ಇತ್ತು. ಎದುರುಗಾಳಿಗೆ ಸಿಗುವ ಮೈ ಕಡಿಮೆಯಾದರೆ ಅದೇ ಎಂಜಿನ್‌ನಲ್ಲಿ ವೇಗ ಹೆಚ್ಚುತ್ತದೆ. ಈಗ ಬಹುಪಾಲು ನೋಟಕ್ಕಾಗಿ ಮಾಡುತ್ತಾರೆ.

ಅಂಬಾಸಿಡರ್ ಬಿಡಿ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅಡ್ಡ ಬರುತ್ತದೆ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ತಾತನ ಗಾಡಿಯ ತಲೆ ಕಡಿದರೆ ಅದೂ ಹೋಯಿತು. ತೊಳೆದು, ಎಣ್ಣೆ ಬದಲಿಸಿ, ಓಡಿಸಿ.

ಹಳೆಗಾಡಿ_ಒಹಾಯೊ:
ಟರ್ನ್‌ಬಕಲ್ ಹಾಕಿ ತಿರುಗಿಸಿದೆ, ಚಿಲಕ ಟಕ್ಕೆಂದು ಕೂತಿತು. ಪಕ್ಕದ ಪಟ್ಟಿಗಳಿಗೆ 23 ಮಿ.ಮೀ. ಸೇರಿಸಿದ ಮೇಲೆ ಎ-ಪಿಲ್ಲರ್‌ಗಳು ಎಳೆಯದೆಯೇ ಕೂಡಿವೆ. ಬಿ-ಪಿಲ್ಲರಿನಲ್ಲಿ ಮಾತ್ರ ಮೇಲಿನ ತುಂಡು ಒಳಗಡೆಗೆ 4 ಮಿ.ಮೀ. ಇದೆ. ಹಳೆಯ ಗಾಜುಗಳನ್ನೇ ಕತ್ತರಿಸಿಕೊಳ್ಳಬಹುದೇ?

ಕೀಲು_ಚಿಲಕ:
ಆ 4 ಮಿ.ಮೀ. ಬಂದದ್ದು ಗಾಡಿ ಅಗಲದಲ್ಲೂ ಮೇಲಕ್ಕೆ ಕಿರಿದಾಗುವುದರಿಂದ. ಕೆಳಗಿನ ಮೋಟಿನ ಒಳಮೂಲೆಯನ್ನು ಒಂದು ಗೇಣು ಉದ್ದಕ್ಕೆ ಸೀಳಿ ಒಳಕ್ಕೆ ಒತ್ತಿದರೆ ಕೂಡುತ್ತದೆ, ಪುಟ್ಟಿ ತುಂಬಿ ಮುಚ್ಚಬೇಡಿ.

ಗಾಜು ಎಲ್ಲವೂ ಚಪ್ಪಟೆ, ಅದು ನಿಮ್ಮ ಪುಣ್ಯ. ಆದರೆ ಹಳೆಯದನ್ನು ಕತ್ತರಿಸುವ ಗೋಜಿಗೆ ಹೋಗಬೇಡಿ, ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿರುವ) ಗಾಜನ್ನು ಹೊಸದಾಗಿ ಕತ್ತರಿಸಿಕೊಡುವ ಅಂಗಡಿ ಹಿಡಿಯಿರಿ. ಟೆಂಪರ್ಡ್ (ಕಾಸಿ ಗಟ್ಟಿಗೊಳಿಸಿದ) ಗಾಜು ಕತ್ತರಿಸಲು ಹೋದರೆ ಪುಡಿಯಾಗುತ್ತದೆ. ಮುಂದಿನದಕ್ಕೆ ಎಎಸ್-1 (ಮುಂದಿನ ಗಾಜಿಗೆ ಬಳಸಬಹುದೆನ್ನುವ ಸುರಕ್ಷತಾ ಗುರುತು) ಇರಲಿ. ಅಳತೆಯನ್ನು ಚೀಟಿಯಲ್ಲಿ ಬರೆದು ಕೊಡಬೇಡಿ. ಚೌಕಟ್ಟುಗಳನ್ನು ಬೆಸೆದು, ರಬ್ಬರ್ ಕೂರಿಸಿ, ಆಮೇಲೆ ತೆಳು ಹಲಗೆಯಲ್ಲಿ ಒಂದೊಂದು ಕಿಟಕಿಗೂ ಅಚ್ಚು ಮಾಡಿ ಅಂಗಡಿಗೆ ಒಯ್ಯಿರಿ. ಎಡಬಲ ಒಂದೇ ಎಂದುಕೊಂಡು ಒಂದೇ ಅಚ್ಚು ಮಾಡಬೇಡಿ.