ಸಹಾಯ ಬೇಕು: ಪಿಯು ಪರೀಕ್ಷೆ ಮತ್ತು ಸಿಇಟಿ, ಎರಡಕ್ಕೂ ಟೈಮ್ ಹೇಗೆ ಹೊಂದಿಸೋದು?

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯು ವಿಜ್ಞಾನ, ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ). ಹಳ್ಳಿಯಿಂದ ಕಾಲೇಜಿಗೆ ಬಸ್ಸಲ್ಲಿ ಒಂದು ಗಂಟೆ. ಮನೆಗೆ ಬರುವಾಗ ಸಂಜೆ ಆರು ಆಗುತ್ತೆ, ಹಾಗಾಗಿ ಓದಲು ಸಿಗೋದು ರಾತ್ರಿ ಎರಡೂವರೆ ಗಂಟೆ, ಬೆಳಿಗ್ಗೆ ಒಂದೂವರೆ ಗಂಟೆ ಅಷ್ಟೇ.

ಮೊದಲು ದಿನಕ್ಕೆ ನಾಲ್ಕು ವಿಷಯ ಅಂತ ಟೈಮ್ ಟೇಬಲ್ ಹಾಕಿದೆ, ಒಂದು ವಾರವೂ ನಡೆಯಲಿಲ್ಲ. ಈಗ ದಿನಕ್ಕೆ ಎರಡೇ ವಿಷಯ. ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದು ನೋಡ್ತೀನಿ. ಇದರಿಂದ ನಿಜವಾಗಿಯೂ ಉಪಯೋಗ ಆಗಿದೆ, ಸುಮ್ನೆ ಓದೋದಕ್ಕಿಂತ ಜಾಸ್ತಿ ದಿನ ನೆನಪಿರುತ್ತೆ.

ಗೊಂದಲ ಇರೋದು ಇಲ್ಲಿ. ಪಿಯು ಪರೀಕ್ಷೆಗೆ ಡೆರಿವೇಶನ್, ಅಂದರೆ ಸೂತ್ರ ಹೇಗೆ ಬಂತು ಅನ್ನೋದನ್ನ, ಹಂತ ಹಂತವಾಗಿ ಪೂರ್ತಿ ಬರೆಯಬೇಕು. ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ವೇಗವೇ ಮುಖ್ಯ. ಇಂಜಿನಿಯರಿಂಗ್ ರ‍್ಯಾಂಕಿಗೆ ಎರಡರ ಅಂಕವೂ ಅರ್ಧರ್ಧ ಸೇರುತ್ತೆ ಅಲ್ವಾ, ಒಂದನ್ನೂ ಬಿಡುವ ಹಾಗಿಲ್ಲ. ಒಂದು ಪಾಠ ಮುಗಿದ ಕೂಡಲೇ ಅದರ ಸಿಇಟಿ ಪ್ರಶ್ನೆ ಬಿಡಿಸಲು ಕೂತರೆ ಮುಂದಿನ ಪಾಠ ಹಿಂದೆ ಬೀಳುತ್ತೆ.

ಈ ನಾಲ್ಕು ಗಂಟೆಯಲ್ಲಿ ಪ್ರತಿ ಪಾಠಕ್ಕೂ ಎರಡನ್ನೂ ಒಟ್ಟಿಗೆ ಮಾಡಲಾ, ಅಥವಾ ಸಿಇಟಿ ಅಭ್ಯಾಸವನ್ನು ಭಾನುವಾರಕ್ಕೆ ಇಟ್ಟುಕೊಳ್ಳಲಾ? ಹೀಗೆ ಓದಿ ಪಾಸಾದ ಅಕ್ಕ ಅಣ್ಣಂದಿರು ದಯವಿಟ್ಟು ಹೇಳಿ.