ಅಪ್‌ಡೇಟ್: ಬೇಣದ ಹುಲ್ಲು ಕೊಯ್ದಾಯಿತು

ಹೋದ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಕೊಯ್ದ ಕರಡವನ್ನು (ಒಣಹುಲ್ಲನ್ನು) ದನಗಳು ಮೂಸಿ ಬಿಟ್ಟಿದ್ದವು. ಈ ಸಲ ಸಾಗರದ ನಮ್ಮ ಎರಡು ಎಕರೆ ಬೇಣವನ್ನು ಯಾವಾಗ ಕೊಯ್ಯಲಿ ಎಂದು ಕೇಳಿದ್ದೆ. ಬೀಜ ಉದುರುವವರೆಗೆ ಕಾಯಬೇಡಿ, ಹೂತೆನೆ ಕಾಣುತ್ತಿದ್ದಂತೆಯೇ ಕೊಯ್ಯಿರಿ ಎಂದಿರಿ.

ಅಕ್ಟೋಬರ್ ಕೊನೆಗೆ ತೆನೆ ಬಂತು, ಹಿಂಗಾರು ಮಾತ್ರ ಬಿಡಲಿಲ್ಲ. ಒಂಬತ್ತು ದಿನ ಕಾದೆ. ಕಣ್ಣೆದುರೇ ಕಾಂಡ ಬಲಿಯುವುದನ್ನು ನೋಡಿ ಸಂಕಟವಾಯಿತು. ಆದರೂ ಮಳೆಯಲ್ಲಿ ಕೊಯ್ದು ಕೊಳೆಸುವುದಕ್ಕಿಂತ ಅದೇ ಸರಿ ಎನಿಸಿತು.

ನೀವು ಹೇಳಿದ ಉಪ್ಪಿನ ಪರೀಕ್ಷೆ ಬಹಳ ಉಪಕಾರವಾಯಿತು. ಒಣ ಉಪ್ಪಿದ್ದ ಗಾಜಿನ ಬಾಟಲಿಗೆ ತುಂಡರಿಸಿದ ಹುಲ್ಲು ಹಾಕಿ ಕುಲುಕಬೇಕು. ತೇವ ಸುಮಾರು ಶೇ. 15ಕ್ಕಿಂತ ಹೆಚ್ಚಿದ್ದರೆ ಉಪ್ಪು ಗಾಜಿಗೆ ಅಂಟುತ್ತದೆ. ಕೊಯ್ದ ಎರಡನೆಯ ದಿನ ಅಂಟಿತು, ನಾಲ್ಕನೆಯ ದಿನ ಅಂಟಲಿಲ್ಲ. ಆಮೇಲೆಯೇ ಬಣವೆ ಹಾಕಿದೆ. ವಾರವಿಡೀ ಒಳಗೆ ಕೈ ತೂರಿಸಿ ನೋಡುತ್ತಿದ್ದೇನೆ, ಬಿಸಿಯಿಲ್ಲ, ಬೂಷ್ಟಿನ ವಾಸನೆಯಿಲ್ಲ.

ಅಂಚಿನ ಒಂದು ಪಟ್ಟಿಯನ್ನು ಬೀಜಕ್ಕೆಂದು ಹಾಗೇ ಬಿಟ್ಟಿದ್ದೇನೆ. ನಿನ್ನೆ ಮೊದಲ ಹೊರೆ ಬಿಚ್ಚಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಗೋದಲಿಯಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ.